ಸೋಮವಾರದ ನೀಲಿ ಡಬ್ಬಿ

ನರಸೀಪುರದಲ್ಲಿ ನಾವಿದ್ದ ಕ್ವಾರ್ಟರ್ಸಿಗೂ ಆಸ್ಪತ್ರೆಯ ಔಷಧಿ ಉಗ್ರಾಣಕ್ಕೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಇಂಜೆಕ್ಷನ್ ಇಡುವ ದೊಡ್ಡ ಫ್ರಿಜ್ಜು, ಈಚೆ ನನ್ನ ದೇವರ ಗೂಡು. ಫ್ರಿಜ್ಜಿನ ಗುಂಯ್ ಸದ್ದು ಗೋಡೆಯನ್ನು ಹಾದು ಬಂದು ದೀಪದ ಎಣ್ಣೆಯ ಮೇಲೆ ಸಣ್ಣ ನಡುಕವಾಗಿ ಕಾಣುತ್ತಿತ್ತು. ಕರೆಂಟು ಹೋದರೆ ನಡುಕ ನಿಲ್ಲುತ್ತಿತ್ತು. ಆಗ ನಾನು ಮಂತ್ರ ಅರ್ಧಕ್ಕೇ ಬಿಟ್ಟು, "ರೀ, ನಿಮ್ಮ ಫ್ರಿಜ್ಜು ಮಲಗ್ತು" ಎಂದು ಕೂಗುತ್ತಿದ್ದೆ. ಆ ಉಗ್ರಾಣದ ಫಾರ್ಮಸಿಸ್ಟರಾಗಿದ್ದ ನಮ್ಮ ಯಜಮಾನರು ತಿನ್ನುತ್ತಿದ್ದ ತಟ್ಟೆ ಬಿಟ್ಟು ಓಡುತ್ತಿದ್ದರು.

ಔಷಧಿಯ ಕೆಲಸ ಎಂದರೆ ಚೀಟಿ ನೋಡಿ ಮಾತ್ರೆ ಕೊಡುವುದು ಎಂದು ಮದುವೆಯಾದ ಹೊಸದರಲ್ಲಿ ನಾನೂ ತಿಳಿದಿದ್ದೆ. ಕೊಡುವುದು ಅದರಲ್ಲಿ ಸಣ್ಣ ಪಾಲು. ಏನು ಮುಗಿಯುತ್ತಿದೆ, ಯಾವುದರ ತಾರೀಖು ತೀರುತ್ತಿದೆ, ಮೈಸೂರಿನಿಂದ ಯಾವಾಗ ಬರುತ್ತೆ, ಬರುವವರೆಗೆ ಏನು ಗತಿ, ಇಷ್ಟೇ ಅವರ ಬದುಕು. ಜ್ವರದ ಮಾತ್ರೆ ಕೇಳಿದರೆ ಕೆಮ್ಮಿನ ಸಿರಪ್ಪು ಬರುತ್ತಿತ್ತು. "ನಾವು ಅಕ್ಕಿ ಕೇಳಿದ್ರೆ ಅವರು ಅರಿಶಿನ ಕಳಿಸ್ತಾರೆ ಕಣೇ" ಎಂದು ನಗುತ್ತಿದ್ದರು. ಬೇಗ ಕೆಡುವುದು ಮುಂದೆ, ತಡವಾಗಿ ಕೆಡುವುದು ಹಿಂದೆ, ಇದು ಅವರ ಕಪಾಟಿನ ನಿಯಮ. ಬರುಬರುತ್ತಾ ನನ್ನ ಅಡುಗೆಮನೆಯ ಬೇಳೆ ಡಬ್ಬಿಗಳೂ ಹಾಗೆಯೇ ಸಾಲು ನಿಂತವು.

ಒಂದು ಅರೆಯ ಬಗ್ಗೆ ಮಾತ್ರ ಅವರು ತಮಾಷೆ ಮಾಡುತ್ತಿರಲಿಲ್ಲ. ಫ್ರಿಜ್ಜಿನ ಮೇಲರೆ, ಹಾವಿನ ಇಂಜೆಕ್ಷನ್ನಿನದು. ನಾಲೆಗೆ ನೀರು ಬಿಟ್ಟು, ನಾಟಿ ಮುಗಿದು, ಹೆಂಗಸರು ಕಳೆ ಕೀಳಲು ಗದ್ದೆಗಿಳಿಯುವ ತಿಂಗಳುಗಳಲ್ಲಿ ಆ ಅರೆ ಬರಿದಾಯಿತೆಂದರೆ ಅವರಿಗೆ ಅನ್ನದ ರುಚಿ ತಿಳಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕದೆ ಬಡಿಸಿದ್ದರೂ ಉಂಡು ಎದ್ದುಬಿಡುತ್ತಿದ್ದರು.

ದೇವರು ಒಂದು ದಾರಿ ಇಟ್ಟಿದ್ದ. ನನ್ನ ತವರು ನಂಜನಗೂಡು. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನಮ್ಮಣ್ಣನಿಗೂ ಇದೇ ಕೆಲಸ. ಇಲ್ಲಿ ಇಲ್ಲದ್ದು ಅಲ್ಲಿ ಇದ್ದರೆ ಅಲ್ಲಿಂದ, ಅಲ್ಲಿ ಮುಗಿದದ್ದು ಇಲ್ಲಿ ಇದ್ದರೆ ಇಲ್ಲಿಂದ, ಎರಡೂ ಕಡೆಯ ಡಾಕ್ಟರ ಒಪ್ಪಿಗೆ ಪಡೆದು ಭಾವ ಭಾಮೈದ ಕೈಬದಲು ಮಾಡಿಕೊಳ್ಳುತ್ತಿದ್ದರು. ಹೊರುವವಳು ನಾನು. ಸೋಮವಾರ ಸೋಮವಾರ ನಂಜುಂಡೇಶ್ವರನ ದರ್ಶನಕ್ಕೆ ಹೋಗುವ ಹರಕೆ ನನ್ನದಿತ್ತು. ಪೋಲಿಯೋ ಹನಿ ಹಾಕಲು ಬರುವವರ ಹೆಗಲಲ್ಲಿ ತೂಗುತ್ತದಲ್ಲ, ಐಸಿನ ಪ್ಯಾಕು ಜೋಡಿಸಿದ ನೀಲಿ ಡಬ್ಬಿ, ಅದು ಒಂದು ಹೆಗಲಿಗೆ, ಹಣ್ಣುಕಾಯಿಯ ಬುಟ್ಟಿ ಇನ್ನೊಂದು ಕೈಗೆ. ಎರಡು ಊರಿನ ಔಷಧಿ ನನ್ನ ಹರಕೆಯ ಮೇಲೆ ನಡೆಯುತ್ತಿತ್ತು ಎಂದರೆ ಈಗಿನವರು ನಗುತ್ತಾರೆ.

ಒಂದು ಸೋಮವಾರ ಬೆಳಿಗ್ಗೆ ದೀಪ ಹಚ್ಚಿದಾಗ ಎಣ್ಣೆ ಅಲುಗಾಡಲಿಲ್ಲ. ಕನ್ನಡಿಯ ಹಾಗೆ ನಿಂತಿತ್ತು. ಕರೆಂಟು ಇತ್ತು, ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಗೋಡೆಗೆ ಕಿವಿಯಿಟ್ಟೆ. ಫ್ರಿಜ್ಜು ಎಂದಿನಂತೆ ಗುಂಯ್ ಅನ್ನುತ್ತಲೇ ಇತ್ತು. ನನಗೆ ಯಾಕೋ ಸರಿ ಕಾಣಲಿಲ್ಲ. ಯಜಮಾನರಿಗೆ ಹೇಳಿದೆ.

"ಸದ್ದು ಇದ್ಯಲ್ಲ, ಅಷ್ಟು ಸಾಕು. ಹಾವಿನ ಇಂಜೆಕ್ಷನ್ ಒಂದೂ ಇಲ್ಲ. ನಿಮ್ಮಣ್ಣನ್ನ ಕೇಳು. ಅವನ ಹತ್ರವೂ ಕಮ್ಮಿ ಇದೆಯಂತೆ, ಆದ್ರೂ ಕೇಳು" ಎಂದರು.

ಅಷ್ಟರಲ್ಲಿ ಸೊಪ್ಪಿನವಳು ಬಂದಳು. ಪಕ್ಕದ ಹಳ್ಳಿಯವಳು. ದಿನ ಬಿಟ್ಟು ದಿನ ಬಂದು ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಬುಟ್ಟಿ ಇಳಿಸುತ್ತಿದ್ದಳು. ಕಪ್ಪು ಮುಖ, ಬಾಯಿ ತುಂಬ ನಗು, ಕಿವಿಯಲ್ಲಿ ತವರಿನಿಂದ ಬಂದ ಕೆಂಪು ಕಲ್ಲಿನ ಓಲೆ.

"ಇದೇನೇ ಕೀರೆ ಸೊಪ್ಪು ಇಷ್ಟೊಂದು ಬಾಡಿದೆ?" ಅಂದೆ.

"ಬಾಡಿರೋದು ನಾನು ಕಣಕ್ಕಾ, ಸೊಪ್ಪಲ್ಲ. ಬೆಳಕರಿಯೋ ಮುಂಚೆ ಎದ್ದಿವ್ನಿ. ಬ್ಯಾಗ ತಕಳಿ, ಕಳೆ ಕೀಳಕ್ಕೆ ಓಯ್ಬೇಕು. ನಿಮ್ ನಂಜುಂಡಪ್ಪಂಗೆ ನಂದೂ ಒಂದು ಕಯ್ಯಿ ಮುಗೀರಿ."

ಮುಗಿಯುತ್ತೇನೆಂದೆ. ಮುಗಿದೆ ಕೂಡ. ಗರ್ಭಗುಡಿಯ ಮುಂದೆ ನಿಂತಾಗ ಅವಳ ಮುಖ ಕಣ್ಣಿಗೆ ಕಟ್ಟಿತು. ಆದರೆ ನಗುವ ಮುಖವಲ್ಲ, ಕಣ್ಣು ಮುಚ್ಚಿದ ಮುಖ.

ದರ್ಶನ ಮುಗಿಸಿ ತವರುಮನೆಯಲ್ಲಿ ಊಟಕ್ಕೆ ಕೂತಿದ್ದಾಗ ನಮ್ಮಣ್ಣ ಸ್ಕೂಟರಿನಲ್ಲಿ ಬಂದ. ಚಪ್ಪಲಿ ಬಿಡದೆ ಒಳಗೆ ಬಂದ, ಅವನು ಎಂದೂ ಹಾಗೆ ಮಾಡಿದವನಲ್ಲ.

"ಏಳು ಬೇಗ. ಭಾವ ಫೋನ್ ಮಾಡಿದ್ರು. ನಿಮ್ಮ ಸೊಪ್ಪಿನವಳಿಗೆ ಗದ್ದೇಲಿ ಹಾವು ಕಚ್ಚಿದೆ. ನಾಗರಹಾವು. ಮೊದಲು ಯಾರ ಹತ್ರಾನೋ ಮಂತ್ರ ಹಾಕ್ಸೋಕೆ ಹೋಗಿ ಈಗ ಆಸ್ಪತ್ರೆಗೆ ತಂದಿದ್ದಾರೆ. ಉಸಿರು ನಿಂತಿದೆ, ರಬ್ಬರ್ ಚೀಲ ಒತ್ತಿ ಒತ್ತಿ ಉಸಿರು ಕೊಡ್ತಿದ್ದಾರಂತೆ."

"ಮೈಸೂರಿಗೆ ಕಳಿಸೋಕಾಗಲ್ವಾ?"

"ಆಸ್ಪತ್ರೆ ಗಾಡಿ ಗ್ಯಾರೇಜಲ್ಲಿದೆ. ಬಾಡಿಗೆ ಕಾರಲ್ಲಿ ಮುದುರಿ ಮಲಗಿಸಿದ್ರೆ ದಾರೀಲೇ ಹೋಗ್ತಾಳೆ ಅಂದ್ರಂತೆ ಡಾಕ್ಟ್ರು. ನಮ್ಮ ಡಾಕ್ಟ್ರು ಇರೋದ್ರಲ್ಲಿ ಕೊಡು ಅಂದಿದ್ದಾರೆ. ಈ ಸ್ಕೂಟರು ಅಷ್ಟು ದೂರ ಎಳೆಯಲ್ಲ. ನರಸೀಪುರದ ಬಸ್ಸು ನಿಂತಿದೆ, ಕಾರು ಹುಡುಕೋಷ್ಟರಲ್ಲಿ ಅದೇ ಅರ್ಧ ದಾರಿ ಹೋಗಿರುತ್ತೆ. ನಡಿ."

ಕೈ ತೊಳೆದು ಹೊಸ್ತಿಲು ದಾಟುವಾಗ ನಮ್ಮವ್ವ ಅಡ್ಡ ಬಂದಳು. ಅವಳು ತಾಂಡವಪುರದ ಕಡೆಯ ಹಳ್ಳಿಯವಳು. ಅವಳ ಅಪ್ಪ ಹಾವು ಕಚ್ಚಿದವರಿಗೆ ಬೇರು ತೇದು ಕೊಡುತ್ತಿದ್ದವರು. ಆ ಮನೆಯಲ್ಲಿ ಹಾವನ್ನು ಹಾವು ಎನ್ನುತ್ತಿರಲಿಲ್ಲ, ಹುಳ ಎನ್ನುತ್ತಿದ್ದರು. ನನ್ನ ಹಣೆಗೆ ವಿಭೂತಿ ಎಳೆದು ಅವ್ವ ಹೇಳಿದಳು:

"ಉಳದ ಔಸ್ದಿ ಒತ್ಕಂಡೋಗೋರು ದಾರೀಲಿ ತುಟಿ ಬಿಚ್ಬಾರ್ದು ಕಣವ್ವ. ಯಾರು ಏನ್ ಕೇಳುದ್ರೂ ಊಂ ಅನ್ಬಾರ್ದು, ಊಹೂಂ ಅನ್ಬಾರ್ದು. ತುಟಿ ಬಿಚ್ಚುದ್ರೆ ಅಲ್ಲಿ ನಂಜು ತಲೆಗೇರ್ತದೆ. ನಮ್ಮಪ್ಪಯ್ಯನ ಔಸ್ದಿ ಒಂದ್ಸಲ ಅಂಗೇ ಕೆಟ್ಟೋಗಿತ್ತು."

"ಅವ್ವಾ, ಇದು ಬೇರಲ್ಲ, ಇಂಜೆಕ್ಷನ್ನು" ಎಂದ ಅಣ್ಣ.

"ನಂಜು ಅದೇ ಅಲ್ವೇನ್ಲಾ?" ಎಂದಳು ಅವ್ವ. ನಾನು ತುಟಿ ಬಿಗಿದೆ.

ಅಣ್ಣ ಆಸ್ಪತ್ರೆಯ ಬಾಗಿಲಲ್ಲಿ ಡಬ್ಬಿಗೆ ಐಸು ಜೋಡಿಸಿ ಸೀಸೆಗಳನ್ನು ಇಟ್ಟು, "ಮುಚ್ಚಳ ತೆಗೀಬೇಡ. ಕಾವು ತಗುಲಿದ್ರೆ ಕೆಡುತ್ತೆ" ಎಂದು ನನಗೆ ಹೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರಿಗೆ, "ನರಸೀಪುರದ ಆಸ್ಪತ್ರೆಗೆ ಹೋಗೋ ಡಬ್ಬಿ ಸಾರ್, ಜೋಪಾನ, ಒಂದು ಜೀವ ಇದೆ ಇದರಲ್ಲಿ" ಎಂದ. ಕಾವಿನ ಮಾತು ನನಗೆ, ಜೀವದ ಮಾತು ಕಂಡಕ್ಟರಿಗೆ. ಅವಸರದಲ್ಲಿ ಹಾಗೆ ಹಂಚಿ ಹೋಯಿತು.

ಸೋಮವಾರದ ಬಸ್ಸು, ಕಾಲಿಡಲು ಜಾಗವಿಲ್ಲ. ಕಂಡಕ್ಟರು ಒಳ್ಳೆಯ ಮನುಷ್ಯ. ಒಬ್ಬ ಗಂಡಸನ್ನು ಎಬ್ಬಿಸಿ ನನಗೆ ಸೀಟು ಮಾಡಿಕೊಟ್ಟ. ನಾನು ಕೂರುವಷ್ಟರಲ್ಲಿ ಡಬ್ಬಿಯನ್ನು ನನ್ನ ಹೆಗಲಿನಿಂದ ಬಿಡಿಸಿಕೊಂಡು, ಜನರ ತಲೆಯ ಮೇಲಿಂದ ಎತ್ತಿ, ಮುಂದೆ ಡ್ರೈವರ ಪಕ್ಕ ಇಟ್ಟ. ಅಲ್ಲಿ ಸ್ವಾಮಿಯ ಫೋಟೋ, ಬೆಳಗಿನ ಹೂವಿನ ಹಾರ, ಆರಿದ ಊದುಬತ್ತಿ.

"ಸಾಮಿ ಪಾದದ ಕೆಳಗೇ ಮಡಗಿವ್ನಿ ಅಮ್ಮಾ, ಒಬ್ಬರ ಕಾಲೂ ತಗಲಲ್ಲ, ಯೋಚ್ನೆ ಬುಡಿ" ಎಂದ.

ಅವನು ಇಟ್ಟದ್ದು ಎಂಜಿನ್ನಿನ ಬಾನೆಟ್ಟಿನ ಮೇಲೆ. ಹಳೆಯ ಬಸ್ಸುಗಳಲ್ಲಿ ಪ್ರಯಾಣ ಮಾಡಿದವರಿಗೆ ಗೊತ್ತು, ಆ ಬಾನೆಟ್ಟಿನ ಮೇಲೆ ಚಳಿಗಾಲದಲ್ಲೂ ಕೂತರೆ ಸೀರೆ ಬಿಸಿಯಾಗುತ್ತದೆ. ಮುದುಕರು ಮಂಡಿನೋವಿಗೆ ಅದನ್ನೇ ಹುಡುಕಿಕೊಂಡು ಹೋಗಿ ಕೂರುವುದುಂಟು.

ಬಸ್ಸು ಹೊರಟಿತು. ನಾನು ಕೈ ಬೀಸಿದೆ. ಡಬ್ಬಿಯ ಕಡೆ ತೋರಿಸಿದೆ. ಕಂಡಕ್ಟರು ದೂರದಿಂದಲೇ ಕೈಮುಗಿದು, "ಉಷಾರಾಗದೆ ಅಮ್ಮಾ" ಎಂದ. ಎದ್ದು ಹೋಗೋಣವೆಂದರೆ ನನಗೂ ಬಾನೆಟ್ಟಿಗೂ ನಡುವೆ ಜನ ಗೋಡೆಯಂತೆ ನಿಂತಿದ್ದರು.

ಪಕ್ಕದಲ್ಲಿದ್ದ ಅಜ್ಜಿ, "ಯಾವೂರವ್ವಾ? ಯಾರ್ಗೆ ಹುಷಾರಿಲ್ಲ?" ಎಂದು ಕೇಳಿತು. ನಾನು ಸುಮ್ಮನಿದ್ದೆ. "ಮೂಗಿ ಅನ್ನಿಸ್ತದೆ, ಪಾಪ. ನೋಡಕ್ಕೆ ಲಕ್ಷಣವಾಗವ್ಳೆ" ಎಂದು ಹಿಂದಿನ ಸೀಟಿನವಳಿಗೆ ಹೇಳಿತು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಸುತ್ತೂರಿನ ಕಡೆ ಹೋಗುವ ಆ ರಸ್ತೆಯ ಪಕ್ಕದಲ್ಲೆಲ್ಲ ಗದ್ದೆ. ಎಲ್ಲ ಗದ್ದೆಯಲ್ಲೂ ಬಗ್ಗಿ ಕಳೆ ಕೀಳುವ ಹೆಂಗಸರು. ಬಸ್ಸು ಹಾದುಹೋದಂತೆ ಅವರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು. ಬಸ್ಸು ಬಂದರೆ ಯಾರೇ ಆಗಲಿ ನೋಡುತ್ತಾರೆ. ಆದರೆ ಅವರು ಬಸ್ಸಿನ ಕಿಟಕಿಗಳನ್ನು ನೋಡುತ್ತಿರಲಿಲ್ಲ, ಮುಂದಿನ ಗಾಜನ್ನೇ, ಡಬ್ಬಿ ಇದ್ದ ಕಡೆಯನ್ನೇ ನೋಡುತ್ತಿದ್ದರು ಎಂದು ನನಗೆ ಅನ್ನಿಸಿತು. ಹತ್ತಿರವೇ ಕಂಡ ಒಬ್ಬಳು ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

ಹಾಳಾಗಲಿ, ನಿಯಮ ಮುರಿದು ಹೇಳಿಬಿಡೋಣ ಎಂದು ಬಾಯಿ ತೆರೆಯಹೋದೆ. ಬಾಯಿ ಬರಲಿಲ್ಲ. ಇದನ್ನು ಹೇಗೆ ಬರೆಯಬೇಕೋ ತಿಳಿಯದು. ನಾಲಿಗೆ ಒದ್ದೆ ಬಟ್ಟೆಯ ಹಾಗೆ ಬಾಯಲ್ಲಿ ಬಿದ್ದಿತ್ತು. ದವಡೆ ನನ್ನ ಮಾತು ಕೇಳಲಿಲ್ಲ. ರೆಪ್ಪೆ ತಾನಾಗಿ ಇಳಿಯತೊಡಗಿತು, ನಿದ್ದೆಯಲ್ಲ, ಯಾರೋ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಮುಚ್ಚಿದ ಹಾಗೆ. ಕಿವಿ ಮಾತ್ರ ಚುರುಕಾಗಿತ್ತು. ಎಂಜಿನ್ನಿನ ಸದ್ದು, ಅಜ್ಜಿಯ ಎಲೆ ಅಡಿಕೆ ಕುಟ್ಟುವ ಸದ್ದು, ಯಾವುದೋ ಮಗುವಿನ ಅಳು, ಎಲ್ಲ ತಲೆಯ ಒಳಗೇ ಕೇಳುತ್ತಿತ್ತು. ಕತ್ತಲಲ್ಲಿ ನಾನು ಸ್ವಾಮಿಯನ್ನು ಕೂಗಿದೆ. ಕೂಗು ಒಳಗೇ ತಿರುಗಿತು.

ಆಮೇಲೆ ಕಿವಿಯ ಹಾಲೆಯಲ್ಲಿ ಚುರುಕ್ಕೆಂದಿತು, ಎರಡೂ ಕಿವಿಯಲ್ಲಿ. ಅದೇ ಕ್ಷಣ ನನ್ನಿಂದ ಮಾತು ಹೊರಬಿತ್ತು.

"ಇಳಿಸ್ರಲಾ ಅದ್ನ! ಒಳಗವ್ಳೆ! ಬೆಂದೋಯ್ತಾಳೆ!"

ಔಷಧಿ ಕೆಡುತ್ತೆ, ಕೆಳಗಿಡಿ ಎಂದು ಹೇಳಬೇಕೆಂದಿದ್ದವಳು ನಾನು. ಬಂದದ್ದು ಈ ಮಾತು. ನಾನು ಹುಟ್ಟಿ ಬೆಳೆದದ್ದು ಪೇಟೆಯಲ್ಲಿ, ನಮ್ಮವ್ವ ಹಾಗೆ ಮಾತಾಡಿದರೂ ನನ್ನ ಬಾಯಲ್ಲಿ ಆ ಮಾತು ಇಲ್ಲ. ದನಿಯೂ ನನ್ನದಾಗಿರಲಿಲ್ಲ.

ಡ್ರೈವರು ಬ್ರೇಕು ಒತ್ತಿದ. ಪಕ್ಕದ ಅಜ್ಜಿ ಸೀರೆ ಎಳೆದುಕೊಂಡು ದೂರ ಸರಿಯಿತು. ಕಂಡಕ್ಟರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ, "ಅಯ್ಯೋ ನನ್ ಬುದ್ಧಿಗಿಷ್ಟು" ಎಂದು ಡಬ್ಬಿಯನ್ನು ಎದೆಗವಚಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದ. ಅದನ್ನು ನನ್ನ ಮಡಿಲಲ್ಲಿ ಇಟ್ಟ.

"ಅಮ್ಮಾ, ಒಳಗೆ ಯಾರವ್ರೆ?" ಎಂದು ಪಿಸುಗುಟ್ಟಿದ.

ಹಿಂದಿನಿಂದ ಯಾರೋ, "ಹಾವಿರ್ಬೇಕು ಕಣೋ, ಮುಟ್ಬೇಡ" ಎಂದರು. ಒಬ್ಬರೂ ನಗಲಿಲ್ಲ. ನಾನು ಡಬ್ಬಿಯ ತಳ ಮುಟ್ಟಿದೆ. ಬೆಚ್ಚಗಿತ್ತು. ಒಳಗೆ ಹೇಗಿದೆಯೋ ಯಾರು ಬಲ್ಲರು, ಮುಚ್ಚಳ ತೆಗೆಯುವ ಹಾಗಿಲ್ಲ. ಸೆರಗನ್ನು ಕುಡಿಯುವ ನೀರಿನಲ್ಲಿ ಒದ್ದೆ ಮಾಡಿ ಡಬ್ಬಿಗೆ ಸುತ್ತಿ, ಮಗುವಿನಂತೆ ಅಪ್ಪಿಕೊಂಡು ಕೂತೆ. ತುಟಿ ಬಿಚ್ಚಿ ಆಗಿತ್ತು. ಅಲ್ಲಿ ನಂಜು ತಲೆಗೇರಿರಬೇಕು ಎಂದುಕೊಂಡೆ. ಅಲ್ಲಿಂದ ನರಸೀಪುರದವರೆಗೆ ಡ್ರೈವರು ಯಾರು ಕೈ ಅಡ್ಡ ಹಾಕಿದರೂ ನಿಲ್ಲಿಸಲಿಲ್ಲ. ಬಸ್ಸನ್ನು ಆಸ್ಪತ್ರೆಯ ಗೇಟಿಗೇ ತಂದು ನನ್ನನ್ನು ಇಳಿಸಿ, ಹಿಂದಿರುಗಿ ನೋಡದೆ ಹೊರಟುಹೋದ.

ವರಾಂಡದಲ್ಲಿ ಅವಳ ಕಡೆಯ ಜನ ಗೋಡೆಗೆ ಒರಗಿ ಕೂತಿದ್ದರು. ಹೆಣದ ಮನೆಯಲ್ಲಿ ಕೂರುವ ರೀತಿ. ಒಳಗೆ ಯಜಮಾನರು ಅವಳ ತಲೆಯ ಹತ್ತಿರ ನಿಂತು ಚೀಲ ಒತ್ತುತ್ತಿದ್ದರು. ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಚೀಲವನ್ನು ಸಿಸ್ಟರ ಕೈಗೆ ಕೊಟ್ಟು ಡಬ್ಬಿಯ ಮುಚ್ಚಳ ತೆಗೆದರು. ಒಂದು ಬದಿಯ ಐಸು ಕರಗಿ ನೀರಾಗಿತ್ತು. ಇನ್ನೊಂದು ಬದಿಯದು ಗಟ್ಟಿಯಾಗಿಯೇ ಇತ್ತು. ಸೀಸೆಯನ್ನು ಕೆನ್ನೆಗೆ ಒತ್ತಿ ನೋಡಿದರು.

"ತಣ್ಣಗಿದೆ" ಎಂದರು.

ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಮಾತನ್ನು ಅವರು ಇನ್ನೊಂದು ಆಡಿಲ್ಲ.

ಡಾಕ್ಟರು ಔಷಧಿಯನ್ನು ಡ್ರಿಪ್ಪಿನಲ್ಲಿ ಹನಿಸಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ರೆಪ್ಪೆಯ ಕೆಳಗೆ ಬಿಳಿಯ ಗೆರೆ ಕಂಡಿತು, ಆಮೇಲೆ ಕಪ್ಪು. ಮನೆಗೆ ಬಂದು ದೀಪ ಹಚ್ಚಿದೆ. ಎಣ್ಣೆಯ ಮೇಲೆ ನಡುಕ ಮರಳಿತ್ತು.

ಊಟಕ್ಕೆ ಕೂತಾಗ ಯಜಮಾನರು ಹೇಳಿದರು. "ಮಧ್ಯಾಹ್ನ ಏನಾಯ್ತು ಗೊತ್ತಾ? ಅವಳ ಓರಗಿತ್ತಿ ಬಂದು, ಮೈ ಸೆಟೆದ್ಮೇಲೆ ಬರಲ್ಲ ಅಂತ ಅವಳ ಓಲೆ ಬಿಚ್ತಾ ಇದ್ಲು. ನಾನು ಚೀಲ ಒತ್ತೋದ್ರಲ್ಲಿ ಗಮನಿಸಿರಲಿಲ್ಲ. ಮುಚ್ಚಿದ ಕಣ್ಣಿಂದ ನೀರು ಇಳೀತು. ಬದುಕಿದ್ದಾಳೆ, ಕೈ ತೆಗಿ ಅಂತ ಗದರಿಸಿದೆ. ಆ ನಂಜು ಹಾಗೆ ಕಣೆ, ಮೈಯೆಲ್ಲ ಕಟ್ಟಿಹಾಕುತ್ತೆ, ಕಿವಿ ಮಾತ್ರ ಬಿಟ್ಟಿರುತ್ತೆ."

"ನಾನು ಬರೋಕೆ ಎಷ್ಟು ಹೊತ್ತು ಮುಂಚೆ?"

"ನೀನಿನ್ನೂ ಅರ್ಧ ದಾರೀಲಿ ಇದ್ದಿರಬೇಕು. ಯಾಕೆ?"

ಕಿವಿಯ ಹಾಲೆ ಮುಟ್ಟಿಕೊಂಡೆ. ಅವರ ತಟ್ಟೆಗೆ ಮಜ್ಜಿಗೆ ಬಡಿಸಿದೆ.

ಮುಂದಿನ ಸೋಮವಾರ ಅವ್ವನಿಗೆ ಎಲ್ಲ ಹೇಳಿದೆ, ಬಾಯಿ ಬಿಟ್ಟದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ. ನನ್ನನ್ನು ಬೆಳಕಿಗೆ ಕರೆದುಕೊಂಡು ಹೋಗಿ ನಾಲಿಗೆ ಚಾಚಿಸಿ, ಬಹಳ ಹೊತ್ತು ನೋಡಿದಳು. ನಂಜಿನ ಬಣ್ಣ ಹುಡುಕುತ್ತಿದ್ದಳೆಂದು ಕಾಣುತ್ತದೆ. ಆಮೇಲೆ ಮೆಲ್ಲಗೆ ಕೇಳಿದಳು:

"ನೀನೂ ತುಟಿ ಬಿಚ್ಚಿದ್ಯೆ, ಅವ್ಳೂ ಬದುಕವ್ಳೆ. ಅಂಗಾರೆ ಆ ನಂಜು ಎಲ್ಗೋಯ್ತು?"

ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಒಂದು ಕೆಮ್ಮು ಬಂದರೂ, ಬೆರಳು ಜುಮ್ಮೆಂದರೂ, ಇಲ್ಲಿಗೆ ಬಂತೇನೋ ಎಂದು ಬೆಚ್ಚುತ್ತಿದ್ದೆ. ನಮ್ಮ ಮಕ್ಕಳು ಮಲಗಿದಾಗ ಅವರ ರೆಪ್ಪೆ ನೋಡುತ್ತಿದ್ದೆ.

ಸೊಪ್ಪಿನವಳು ಚೇತರಿಸಿಕೊಂಡು ಮತ್ತೆ ನಮ್ಮ ಮೆಟ್ಟಿಲಿಗೆ ಬಂದಾಗ ಬುಟ್ಟಿ ಅರ್ಧ ತುಂಬಿತ್ತು, ಕಿವಿ ಬರಿದಾಗಿತ್ತು. ಮಜ್ಜಿಗೆ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, ನನ್ನ ಮುಖವನ್ನೇ ನೋಡುತ್ತಾ ಹೇಳಿದಳು:

"ಎಲ್ಲಾರೂ ಮಾತಾಡಿದ್ದು ಕೇಳ್ತಿತ್ತು ಕಣಕ್ಕಾ. ಗುಂಡಿ ಯಾವ ಮೂಲೇಲಿ ತೆಗೀಬೇಕು ಅನ್ನೋದೂ ಕೇಳುಸ್ತು. ಓಲೆ ಬಿಚ್ಚಿದ ಕೈ ಯಾವುದು ಅಂತ್ಲೂ ಗೊತ್ತು. ಮೊದ್ಲು ತಣ್ಣಗಿತ್ತು, ಡಬ್ಬೀಲಿ ಮಡಗಿದಂಗೆ. ಆಮೇಲೆ ತಳದಿಂದ ಕಾವು ಅತ್ಕಂಡು ಬಂತು. ಬೇಯ್ತೀನಿ, ಬೇಯ್ತೀನಿ ಅಂತ ಕಿರುಚ್ತಿವ್ನಿ, ಒಬ್ರಿಗೂ ಕೇಳ್ನಿಲ್ಲ. ಕಡೇಗೆ ನೀವು ಕೇಳುಸ್ಕಂಡ್ರಿ."

"ನಾನಾ?"

"ಇಳಿಸ್ರಲಾ ಅದ್ನ ಅಂದ್ರಲ್ಲಾ. ಯಾರೋ ಎತ್ಕಂಡು ಎದೆಗವುಚ್ಕಂಡ್ರು. ಒದ್ದೆ ಸೆರಗು ಸುತ್ತುದಂಗಾಯ್ತು."

ಆ ಮಾತನ್ನಾಗಲಿ, ಸೆರಗಿನ ವಿಷಯವನ್ನಾಗಲಿ ನಾನು ನರಸೀಪುರದಲ್ಲಿ ಯಾರಿಗೂ ಹೇಳಿರಲಿಲ್ಲ, ಯಜಮಾನರಿಗೂ. ಬಸ್ಸಿನವರು ಗೇಟಿನ ಒಳಗೆ ಕಾಲಿಟ್ಟಿರಲಿಲ್ಲ.

ಅವಳು ಸೊಂಟದ ಚೀಲದಿಂದ ಆ ಕೆಂಪು ಕಲ್ಲಿನ ಓಲೆ ತೆಗೆದು ನನ್ನ ಕೈಲಿಟ್ಟಳು. "ಮತ್ತೆ ಆಕ್ಕಂಡೆ ಅಕ್ಕಾ, ತಣ್ಣಗೆ ಕೊರೀತದೆ. ಸೋಮಾರ ಓದಾಗ ಸಾಮಿ ಉಂಡಿಗಾಕ್ಬುಡಿ" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಆ ಸೋಮವಾರ ಡಬ್ಬಿ ಖಾಲಿ ಹೋಗಬೇಕಿತ್ತು. ಓಲೆಯನ್ನು ಕಾಗದದಲ್ಲಿ ಸುತ್ತಿ ಅದರೊಳಗೇ ಇಟ್ಟೆ, ಬೇರೆಲ್ಲಿಡಲೂ ಮನಸ್ಸು ಬರಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಒಳಗೆ ಟಕ್ ಟಕ್ ಎನ್ನುತ್ತಿತ್ತು, ಯಾರೋ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದ ಹಾಗೆ. ಅಂದು ಬಸ್ಸು ನಿಂತಿದ್ದ ಆ ಗದ್ದೆಯ ಬಯಲು ಬಂದಾಗ ಸದ್ದು ನಿಂತಿತು. ಅಲ್ಲಿಂದ ಮುಂದೆ ರಸ್ತೆ ಇನ್ನೂ ಕೆಟ್ಟದಾಗಿತ್ತು, ಆದರೂ ಸದ್ದು ಬರಲಿಲ್ಲ. ದೇವಸ್ಥಾನದಲ್ಲಿ ಹೆದರಿಕೊಂಡೇ ಮುಚ್ಚಳ ತೆಗೆದೆ. ಓಲೆ ಎರಡೂ ಇದ್ದವು. ಐಸು ಇಲ್ಲದ ಡಬ್ಬಿಯಲ್ಲಿ ಅವು ಐಸಿನಷ್ಟೇ ತಣ್ಣಗಿದ್ದವು. ಹುಂಡಿಗೆ ಹಾಕಿ ಕೈಮುಗಿದೆ.

ಅವ್ವನಿಗೆ ಹೇಳಿದಾಗ ಅವಳು ಗೋಪುರದ ಕಡೆ ಕೈ ತೋರಿಸಿದಳು. "ನಂಜು ಕುಡಿಯೋನು ಇಲ್ಲೇ ಕೂತವ್ನೆ. ಅವ್ನ ಪಾಲು ಅವ್ನಿಗೆ ಓಯ್ತು. ಇನ್ನ ಅದ್ನ ಕೇಳ್ಬ್ಯಾಡ, ಅನ್ನ ಉಣ್ಣು" ಎಂದಳು. ಬಹಳ ದಿನಗಳ ಮೇಲೆ ಅಂದು ನನಗೆ ಊಟ ಸೇರಿತು.

ಯಜಮಾನರು ಡಬ್ಬಿಯ ಮುಚ್ಚಳಕ್ಕೆ ಒಂದು ಕಾಗದ ಅಂಟಿಸಿದರು, ಬಾನೆಟ್ ಮೇಲೆ ಇಡಬಾರದು ಎಂದು. ನಾನು ಹರಕೆ ಬಿಡಲಿಲ್ಲ, ಡಬ್ಬಿಯನ್ನೂ ಬಿಡಲಿಲ್ಲ. ದಾರಿಯಲ್ಲಿ ಯಾರಾದರೂ ಕೇಳಿದರೆ ಬಾಯಿ ತುಂಬ ಉತ್ತರ ಕೊಡುತ್ತಿದ್ದೆ. ಸೊಪ್ಪಿನವಳು ನಾವು ಆ ಊರು ಬಿಡುವವರೆಗೂ ಬರುತ್ತಿದ್ದಳು. ತೂತು ಮುಚ್ಚಿಹೋಗಬಾರದೆಂದು ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಆಮೇಲೆ ಬೇರೆ ಓಲೆ ಅವಳು ತೊಟ್ಟದ್ದನ್ನು ನಾನು ಕಾಣಲಿಲ್ಲ.